ತಂತಿ ಹಾಯುವಷ್ಟು ಜಾಗ

ಮಕ್ಕಳ ಚಿತ್ರಕತೆ ಪುಸ್ತಕಗಳಿಗೆ ಅವರು ಎಳೆದ ಯಾವ ಚೌಕದಲ್ಲೂ ಬಲಗಡೆಯ ಕೆಳಮೂಲೆ ಕೂಡಿರುತ್ತಿರಲಿಲ್ಲ. ಮೇಲಿನಿಂದ ಇಳಿದ ಗೆರೆ ಕೆಳಗಿನ ಗೆರೆಯನ್ನು ಮುಟ್ಟುವ ಮೊದಲೇ ನಿಂತುಬಿಡುತ್ತಿತ್ತು. ನಡುವೆ ಒಂದು ಜೋಳದ ಕಾಳು ಹಾಯುವಷ್ಟು ಬಿಳಿ ಜಾಗ. ಮೊದಲ ಸಲ ನೋಡಿದಾಗ ನಿಬ್ಬಿನಲ್ಲಿ ಮಸಿ ತೀರಿರಬೇಕು ಅಂದುಕೊಂಡೆ. ಮುಂದಿನ ಪುಟದಲ್ಲೂ ಹಾಗೇ ಇತ್ತು, ಅದರ ಮುಂದಿನದರಲ್ಲೂ. ಒಂದು ಗೆರೆ ಕೂದಲೆಳೆಯಷ್ಟು ಓರೆಯಾದರೆ ಹಾಳೆಯನ್ನೇ ಬದಿಗೆ ಸರಿಸುವ ಮನುಷ್ಯ ಪ್ರತಿ ಸಲ ಒಂದೇ ಮೂಲೆಯಲ್ಲಿ ತಪ್ಪುವುದಿಲ್ಲ ಎಂದು ಹೊಳೆದಾಗ ಕೇಳಬೇಕೆನಿಸಿತು. ಕೇಳಲಿಲ್ಲ. ಕೇಳದೇ ಇರುವುದು ನನ್ನ ಸ್ವಭಾವ. ಅದಕ್ಕೇ ಅವರು ನನ್ನನ್ನು ಆ ಚಿತ್ರಗಳಿಗೆ ಮಾತು ಬರೆಯುವ ಕೆಲಸಕ್ಕೆ ಕರೆದರೋ ಏನೋ.

ವಾಡಿಯಲ್ಲಿ ಅವರಿಗೆ ಎರಡು ಹೆಸರಿದ್ದವು. ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಅವರು ಫೌಜಿ, ಸುತ್ತಲ ಊರುಗಳ ಶಾಲೆಗಳಲ್ಲಿ ಸಿಡಿಲಪ್ಪ ಸರ್. ಎರಡೂ ಅವರು ಇಟ್ಟುಕೊಂಡ ಹೆಸರಲ್ಲ. ಅವರದೇ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ, ಪುಸ್ತಕದ ಮುಖಪುಟದ ಮೇಲೆ ಅದನ್ನು ಕಂಡರೂ ಮುಜುಗರಪಡುತ್ತಿದ್ದರು. ನಮ್ಮ ಓಣಿಯವರೇ ಆದ್ದರಿಂದ ನಾನು ಕಾಕಾ ಅನ್ನುತ್ತಿದ್ದೆ. ಹೋದ ತಿಂಗಳು, ಮಧ್ಯಾಹ್ನದ ಊಟವಾದ ಮೇಲೆ ಅಂಗಳದ ಹೊರಸಿನ ಮೇಲೆ ಅಡ್ಡಾದವರು ಏಳಲಿಲ್ಲ. ಮಳೆಯಾಗಲಿ ಚಳಿಯಾಗಲಿ ಅವರು ಮಲಗುತ್ತಿದ್ದದ್ದು ಅಂಗಳದಲ್ಲೇ. ಮಳೆ ಜೋರಾದರೆ ಹೊರಸನ್ನು ತಗಡಿನ ಕೆಳಗೆ ಎಳೆದುಕೊಳ್ಳುತ್ತಿದ್ದರೇ ಹೊರತು ಹೊಸ್ತಿಲು ದಾಟುತ್ತಿರಲಿಲ್ಲ.

ನಾಲವಾರದ ಕಡೆಯ ಹಳ್ಳಿಯಿಂದ ಸೈನ್ಯಕ್ಕೆ ಸೇರಿದವರು. ಕಾರ್ಗಿಲ್ ಯುದ್ಧದಲ್ಲಿ ಇದ್ದರು. ಗುಂಡು ಹಾರಿಸುವ ಕೆಲಸವಲ್ಲ, ತಂತಿ ಎಳೆಯುವ ಕೆಲಸ. ಬೆನ್ನ ಮೇಲೆ ತಂತಿಯ ಉರುಳೆ ಹೊತ್ತು, ಕೆಳಗಿನ ಠಾಣೆಯಿಂದ ಮೇಲಿನ ಠಾಣೆಗೆ ಟೆಲಿಫೋನಿನ ತಂತಿ ಹಾಸುತ್ತಾ ಹೋಗುವುದು, ಶೆಲ್ ಬಿದ್ದು ಕಡಿದಲ್ಲಿ ಹೋಗಿ ಕೂಡಿಸುವುದು. ಸೈನ್ಯ ಬಿಟ್ಟು ಬಂದ ಮೇಲೆ ಎಷ್ಟೋ ಮಾಜಿ ಸೈನಿಕರಂತೆ ಅವರಿಗೂ ಕಾರ್ಖಾನೆಯ ಗೇಟಿನಲ್ಲಿ ಕಾವಲು ಸಿಕ್ಕಿತು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲಾಗದಂಥ ಕ್ಯಾಬಿನ್ನು. ಸೇರಿದ ವಾರದಲ್ಲೇ ಅದರ ಬಾಗಿಲನ್ನು ಕಳಚಿ ಹಿಂದಿನ ಗೋಡೆಗೆ ಒರಗಿಸಿದ್ದರು.

"ಫೌಜಿ, ಬಾಗಲಾ ಎಲ್ಲಿ?" ಅಂತ ಸೂಪರ್‌ವೈಸರ್ ಕೇಳಿದರಂತೆ.

"ಯಾಕ ಹಾಕಿದ್ರಿ ಅದನ್ನ?"

"ಧೂಳು ಬರಬಾರದಂತ."

"ಬಾಗಲಾ ಇದ್ದಾಗೂ ಧೂಳು ಬರ್ತಿತ್ರಿ. ಧೂಳಿಗಿ ಬ್ಯಾಡಾದ ಬಾಗಲಾ ನನಗ್ಯಾಕ?"

ವಾಡಿಯಲ್ಲಿ ಧೂಳಿನ ಮಾತೆತ್ತಿದರೆ ವಾದ ಮುಗಿಯಿತು. ಒಣಹಾಕಿದ ಬಟ್ಟೆ, ಬೇವಿನ ಎಲೆ, ನಮ್ಮ ರೆಪ್ಪೆ, ಎಲ್ಲಕ್ಕೂ ಅದೇ ಬೂದಿ ಬಣ್ಣ. ಬಾಗಿಲು ಮತ್ತೆ ಬರಲಿಲ್ಲ.

ಲಾರಿ ಬರದ ಹೊತ್ತಿನಲ್ಲಿ ಅವರು ಸೀಮೆಸುಣ್ಣದಿಂದ ಶಹಾಬಾದಿನ ಫರಸಿ ಕಲ್ಲಿನ ಮೇಲೆ ಚಿತ್ರ ಬರೆಯುತ್ತಿದ್ದರು. ನಮ್ಮಲ್ಲಿ ನೆಲ, ಗೋಡೆ, ಕಟ್ಟೆ, ಕೆಲವು ಮನೆಗಳಲ್ಲಿ ಮಾಳಿಗೆಯೂ ಫರಸಿಯದೇ. ಮುರಿದ ತುಂಡುಗಳು ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಒಂದು ತುಂಡಿಗೆ ಒಂದು ಚಿತ್ರ. ಮುಗಿದದ್ದನ್ನು ಕ್ಯಾಬಿನ್ನಿನ ಹೊರಗೆ ಸಾಲಾಗಿ ಒರಗಿಸಿಡುತ್ತಿದ್ದರು. ಒಂದು ದಿನ, ಕಲಬುರಗಿಯಲ್ಲಿ ಶಾಲೆಯ ಗೈಡುಗಳನ್ನು ಅಚ್ಚುಹಾಕುವ ಪ್ರಕಾಶಕರೊಬ್ಬರು ಯಾರನ್ನೋ ನೋಡಲು ಬಂದು, ಗೇಟ್ ಪಾಸಿಗಾಗಿ ಕಾಯುತ್ತ ಆ ಸಾಲನ್ನು ನೋಡಿದರು. ಕಲ್ಲಿನಿಂದ ಕಲ್ಲಿಗೆ ಕತೆ ಸಾಗುತ್ತಿತ್ತು ಅಂತ ಅವರಿಗೆ ಅನಿಸಿತಂತೆ. ಆದರೆ ಎಲ್ಲ ಕಲ್ಲಿನ ಮೇಲೂ ಇದ್ದದ್ದು ಒಂದೇ. ಕಲ್ಲು ಒಟ್ಟಿದ ಗುಮ್ಮಿಯೊಳಗೆ, ಅಂದರೆ ಸೈನ್ಯದ ಬಂಕರಿನೊಳಗೆ, ಇಬ್ಬರು ಸೈನಿಕರು.

"ಚಿತ್ರಾ ಛಲೋ ಅವ ಫೌಜಿ. ಇವರು ಏನ್ ಮಾಡ್ಲಿಕತ್ತಾರ?"

"ಕುಂತಾರ್ರಿ."

"ಅದು ಕಾಣ್ತದ. ಆಮ್ಯಾಲ?"

"ಆಮ್ಯಾಲೂ ಕುಂತಾರ."

"ಕುಂತರ ಕತಿ ಹೆಂಗಾಗ್ತದ? ಎಬ್ಬಸ್ರಿ ಇವರನ್ನ!"

ಎಬ್ಬಿಸಿದರು. ಹಾಗೆ ಹುಟ್ಟಿದವನು ಸುಬೇದಾರ್ ಸಿಡಿಲಪ್ಪ. ಹುರಿಮೀಸೆ, ಹೆಗಲ ಮೇಲೆ ಕರಿ ಕಂಬಳಿ, ಶೆಲ್ಲನ್ನು ಬರಿಗೈಯಲ್ಲಿ ಹಿಡಿದು ವಾಪಸು ಎಸೆಯುವವನು. ಪುಸ್ತಕಗಳು ಸೇಡಂ, ಚಿಂಚೋಳಿ, ಚಿತ್ತಾಪುರದ ಬಸ್ ನಿಲ್ದಾಣಗಳಲ್ಲಿ, ಶಾಲೆಯೆದುರಿನ ಅಂಗಡಿಗಳಲ್ಲಿ ಕ್ಲಿಪ್ಪಿಗೆ ಸಿಕ್ಕು ತೂಗಾಡತೊಡಗಿದವು. ಮಕ್ಕಳು ರಟ್ಟು ಕಿತ್ತುಹೋಗುವವರೆಗೆ ಓದಿದರು. ಮೊದಲ ಪುಸ್ತಕ ಅಚ್ಚಾಗಿ ಬಂದಾಗ ಕಾಕಾ ಅದನ್ನು ಓದಲಿಲ್ಲವಂತೆ. ಪ್ರತಿ ಚೌಕದ ಬಲ ಕೆಳಮೂಲೆಯ ಮೇಲೆ ಹೆಬ್ಬೆರಳು ಎಳೆಯುತ್ತ ಕೊನೆಯವರೆಗೆ ಹೋಗಿ, "ಮುಚ್ಚ್ಯಾರ" ಅಂದು, ಚಹಾ ಕುಡಿದರಂತೆ. ಪ್ರಕಾಶಕರ ಕಂಪ್ಯೂಟರ್ ಆಪರೇಟರ್ ಅಚ್ಚುಕಟ್ಟಿನ ಮನುಷ್ಯ, ಬಿಟ್ಟುಹೋದ ಮೂಲೆಗಳನ್ನೆಲ್ಲ ನೀಟಾಗಿ ಕೂಡಿಸಿದ್ದ. ಎರಡನೆಯ ಪುಸ್ತಕದಲ್ಲೂ ಕಾಕಾ ಜಾಗ ಬಿಟ್ಟರು, ಅವನು ಮುಚ್ಚಿದ. ಪ್ರತಿ ಪುಸ್ತಕಕ್ಕೂ ಹೀಗೇ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

ನಾನು ಬಂದದ್ದು ಅಕ್ಷರಕ್ಕಾಗಿ. ಎಂ.ಎ. ಮುಗಿಸಿ ಚಿತ್ತಾಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ ವರ್ಷ, ನಮ್ಮ ಓಣಿಯ ನಲ್ಲಿಯ ಹತ್ತಿರ ಒಂದು ಸೂಚನೆ ಬರೆದು ಹಚ್ಚಿದ್ದೆ. ಕಾಕಾ ಮನೆಗೇ ಬಂದರು.

"ನೀರು ಬರಂಗಿಲ್ಲ ಅನ್ನೂದನ್ನ ಇಷ್ಟು ಚಂದ ಬರದವರು ಯಾರು?"

"ನಾನು" ಅಂದೆ.

"ಓದಿ ಸಿಟ್ಟೇ ಬರಲಿಲ್ಲ ನೋಡವ್ವ. ನಮ್ಮ ಸಿಡಿಲಪ್ಪನ ಮಾತು ನೀ ಬರಿತಿ ಏನು? ಕಂಪ್ಯೂಟರಿನ ಅಕ್ಷರ ಅವನ ಬಾಯಿಗಿ ಕೂಡವಲ್ದು."

ಅಂದಿನಿಂದ ಭಾನುವಾರಗಳು ಅವರ ಅಂಗಳದಲ್ಲಿ. ಕೆಲಸದ ಕ್ರಮ ಒಂದೇ. ಮೊದಲು ಚಿತ್ರ. ಮಾತಿನ ಗುಳ್ಳೆಗಳು ಖಾಲಿ. ಅವಕ್ಕೆ ಅವರು ಫುಗ್ಗಾ ಅನ್ನುತ್ತಿದ್ದರು, ಮಕ್ಕಳು ಊದುವ ಬಲೂನಿನಂತೆ. ಪುಟವನ್ನು ನನ್ನ ಮುಂದಿಟ್ಟು, ಯಾರು ಏನನ್ನುತ್ತಾನೆ ಅಂತ ಒಂದು ಸಲ ಹೇಳುತ್ತಿದ್ದರು. ಸಿಡಿಲಪ್ಪನ ಮಾತಿಗೆ ಆಶ್ಚರ್ಯಸೂಚಕ ಚಿಹ್ನೆ ಬಹಳ ಬೇಕಾಗುತ್ತಿತ್ತು. ನಾನು ಸಾಲಾಗಿ ಹಾಕುವುದನ್ನು ನೋಡಿ, "ಇವಂದು ಬಾಯಿ ಭಾಳ ಆತು. ಒಂದು ಕಮ್ಮಿ ಮಾಡು, ಉಸರಾಡ್ಲಿ" ಅನ್ನುತ್ತಿದ್ದರು. ಅವರ ಹೆಂಡತಿ, ನಾನು ಕಾಕು ಅನ್ನುವವರು, ಚುರುಮುರಿಯ ಸುಸಲಾ ತಂದಿಟ್ಟು, "ಆ ಮೀಸಿಯವನಿಗೂ ಒಂದು ತಾಟು ಇಡ್ಲೇನು?" ಅಂತ ಕೇಳುತ್ತಿದ್ದರು.

ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಬಂದರೆ ಯಾವುದಾದರೂ ಶಾಲೆಯಿಂದ ಕರೆ ಇರುತ್ತಿತ್ತು. ಒಮ್ಮೆ ಸೇಡಂನ ಶಾಲೆಯೊಂದಕ್ಕೆ ನಾನೂ ಜೊತೆಗೆ ಹೋಗಿದ್ದೆ. ಒಂದು ಹುಡುಗಿ ಎದ್ದು ನಿಂತು, "ಸರ್, ನೀವು ಎಷ್ಟು ಮಂದಿ ವೈರಿಗಳನ್ನ ಹೊಡದ್ರಿ?" ಅಂತ ಕೇಳಿದಳು.

"ಯಾರನ್ನೂ ಇಲ್ಲವ್ವ. ನಾ ತಂತಿ ಎಳಿತಿದ್ದೆ."

ಮಕ್ಕಳು ಗೊಳ್ಳೆಂದು ನಕ್ಕರು. ಅವರು ತಮಾಷೆ ಮಾಡುತ್ತಿದ್ದಾರೆ ಎಂದೇ ಎಲ್ಲರೂ ತಿಳಿದರು. ಹೆಡ್‌ಮಾಸ್ತರರು ಮೈಕು ತೆಗೆದುಕೊಂಡು, "ನೋಡ್ರಿ ಮಕ್ಕಳಾ, ದೊಡ್ಡವರ ವಿನಯ ಅಂದ್ರ ಹಿಂಗಿರ್ತದ" ಅಂದರು. ಚಪ್ಪಾಳೆ ನಿಲ್ಲಲಿಲ್ಲ. ವೇದಿಕೆಯ ಮೇಲೆ ಸಿಡಿಲಪ್ಪನ ವೇಷ ಹಾಕಿದ ಹುಡುಗನೊಬ್ಬ ಕಾಕಾನಿಗೆ ಸೆಲ್ಯೂಟ್ ಹೊಡೆದ. ಅವರೂ ಎದ್ದು, ನೆಟ್ಟಗೆ ನಿಂತು ಅವನಿಗೆ ಸೆಲ್ಯೂಟ್ ಹೊಡೆದರು. ಯಾರಾದರೂ ಗಮನವಿಟ್ಟು ನೋಡಿದ್ದರೆ ಇಬ್ಬರಲ್ಲಿ ಮೇಲಧಿಕಾರಿ ಆ ಸುಬೇದಾರನೇ ಎಂದು ತಿಳಿಯುತ್ತಿತ್ತು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಗಾಜು ಪೂರ್ತಿ ಸರಿಸಿ, "ಖರೆ ಹೇಳಿದ್ರ ನಗ್ತಾರ. ಇನ್ ಹೇಳಂಗಿಲ್ಲ" ಅಂದರು. ಮತ್ತೆ ಯಾವ ಶಾಲೆಯಲ್ಲೂ ಹೇಳಲಿಲ್ಲ.

ಗೇಟಿನ ಕೆಲಸ ಬಿಟ್ಟ ಮೇಲೆ, ತೊಗರಿ ಕೊಯ್ಲಿನ ದಿನಗಳಲ್ಲಿ, ಅವರು ಒಂದು ಕಟ್ಟು ಹಾಳೆಗಳನ್ನು ನನ್ನ ಮುಂದಿಟ್ಟರು. ಅದರಲ್ಲಿ ಸಿಡಿಲಪ್ಪ ಇರಲಿಲ್ಲ. ಬಹಳ ಹಿಂದೆ ಫರಸಿಯ ಮೇಲೆ ಬರೆದ ಆ ಇಬ್ಬರೇ ಇದ್ದರು. ಚೌಕಗಳು ಬಹುತೇಕ ಕಪ್ಪು. ಮೊಣಕಾಲು, ಟೊಪ್ಪಿಗೆಯ ಅಂಚು, ಟೆಲಿಫೋನಿನ ಹಿಡಿ ಮಾತ್ರ ಕಾಣುತ್ತಿದ್ದವು. ಬಲಗಡೆಯ ಕೆಳಮೂಲೆಯಲ್ಲಿ ಆ ಬಿಳಿ ಜಾಗ. ಈ ಪುಟಗಳಲ್ಲಿ ಅದರೊಳಗಿಂದ ಒಂದು ತಂತಿ ಬರುತ್ತಿತ್ತು.

ಆಗ ಹೇಳಿದರು. ನಾನು ಕೇಳಿರಲಿಲ್ಲ. ಮೇಲಿನ ಠಾಣೆಯಲ್ಲಿ, ಕಲ್ಲು ಒಟ್ಟಿ ಮಾಡಿದ ಗುಮ್ಮಿಯೊಳಗೆ ಅವರೂ ಅವರ ಜೊತೆಗಾರನೂ ಇದ್ದಾಗ ಶೆಲ್ ಬಿದ್ದು ಅದರ ಬಾಯಿ ಮುಚ್ಚಿಹೋಯಿತು. ತಂತಿ ಎಳೆಯುವವರು ಎಲ್ಲಿ ಕಲ್ಲು ಒಟ್ಟಿದರೂ ಕೆಳಮೂಲೆಯಲ್ಲಿ ತಂತಿ ಹಾಯಲು ಒಂದು ಸಂದು ಬಿಡುತ್ತಾರೆ. ಆ ಸಂದು ಉಳಿದಿತ್ತು. ಗಾಳಿ ಅಲ್ಲಿಂದಲೇ. ಮಾತೂ ಅಲ್ಲಿಂದಲೇ, ತಂತಿ ಕಡಿದಿರಲಿಲ್ಲ.

"ಕೆಳಗಿಂದ ಒಂದೇ ಮಾತು. ಅಲ್ಲೇ ಇರ್ರಿ, ಬರ್ಲಿಕತ್ತೀವಿ. ಹಿಂದಿಯೊಳಗ ಅಂದ್ರು. ನನಗ ನಮ್ಮ ಭಾಷಾದಾಗೇ ಕೇಳಿಸ್ತು. ಅಲ್ಲೇ ಇರ್ರಿ ಅಂದ್ರ ಮತ್ತೆಲ್ಲಿ ಹೋಗ್ಲಿ? ನಗು ಬಂತು. ಅವನಿಗೂ ಬಂತು."

ಹಾಳೆಯ ಮೇಲಿನ ತಂತಿಯ ಗೆರೆಯ ಗುಂಟ ಬೆರಳು ಎಳೆದರು.

"ಎಷ್ಟು ಮಂದಿ ಅದೀರಿ ಅಂತ ಕೇಳ್ತಿದ್ರು ನಡುನಡುವ. ಇಬ್ಬರು ಅಂತಿದ್ದೆ. ಅವ ಮಾತು ಬಿಟ್ಟ. ಆಮ್ಯಾಲೂ ಕೇಳಿದ್ರು. ಆಮ್ಯಾಲೂ ಇಬ್ಬರೇ ಅಂದೆ."

ಮರುದಿನ ಅವರನ್ನು ಹೊರಗೆ ತೆಗೆದರು. ಜೊತೆಗಾರ ಬದುಕಿರಲಿಲ್ಲ. ಇಷ್ಟೇ ಕತೆ. ನಾನು ಅಷ್ಟು ಸಣ್ಣ ಅಕ್ಷರಗಳನ್ನು ಹಿಂದೆಂದೂ ಬರೆದಿರಲಿಲ್ಲ. ಒಂದೇ ಒಂದು ಆಶ್ಚರ್ಯಸೂಚಕವೂ ಇರಲಿಲ್ಲ.

ಪ್ರಕಾಶಕರು ಪುಟಗಳನ್ನು ನೋಡಲು ವಾಡಿಗೇ ಬಂದರು. ಕೆಟ್ಟವರಲ್ಲ. ಓದಿ ಮುಗಿಸಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೇಳಿದರು: "ಸರ್, ಹಾಕ್ತೀನಿ. ಕೊನಿ ಪುಟದಾಗ ಸಿಡಿಲಪ್ಪ ಬರ್ಲಿ. ಕಲ್ಲು ಒದ್ದು ಇಬ್ಬರನ್ನೂ ಹೊರಗ ತಗೀಲಿ. ಮಕ್ಕಳ ಪುಸ್ತಕ್ರಿ ಇದು. ಇಬ್ಬರನ್ನೂ ಒಳಗ ಬಿಟ್ಟು ಪುಸ್ತಕ ಮುಚ್ಚಿದ್ರ ಕೂಸುಗಳಿಗಿ ನಿದ್ದಿ ಬರ್ತದೇನು?"

ಕಾಕಾ ಕೊನೆಯ ಪುಟವೊಂದನ್ನು ಇಟ್ಟುಕೊಂಡು ಉಳಿದ ಕಟ್ಟನ್ನು ಅವರ ಕೈಗೆ ಕೊಡುತ್ತ, "ನೋಡ್ತೀನ್ರಿ" ಅಂದರು.

ನೋಡಿದರು ಕೂಡ. ಪೆನ್ಸಿಲಿನಲ್ಲಿ ಸಿಡಿಲಪ್ಪನನ್ನು ಗುಮ್ಮಿಯ ಹೊರಗೆ ತಂದು ನಿಲ್ಲಿಸುತ್ತಿದ್ದರು, ಅಳಿಸುತ್ತಿದ್ದರು. ಹಾಳೆ ಸವೆದು ತೆಳ್ಳಗಾದಾಗ ಇನ್ನೊಂದು ಹಾಳೆ. ಒಂದು ಭಾನುವಾರ ನಾನು ಹೋದಾಗ ರಬ್ಬರಿನ ಪುಡಿಯನ್ನು ಊದುತ್ತ, "ಇಂವ ಬರಂಗಿಲ್ಲವ್ವ. ಸಂದು ಎಷ್ಟದ, ಇಂವ ಎಷ್ಟದಾನ! ಇವನ ಮೀಸಿನೂ ಒಳಗ ಬರಂಗಿಲ್ಲ" ಅಂದರು. ಕಾಕು ನಕ್ಕರು. ನಾನೂ ನಕ್ಕೆ. ಅವರು ನಗಲಿಲ್ಲ.

ಹಾಗೆಂದು ಸಿಡಿಲಪ್ಪನಿಲ್ಲದೆ ಮುಗಿಸಲೂ ಅವರಿಗೆ ಆಗಲಿಲ್ಲ. ಅವನನ್ನು ಕರೆದರೆ ಸುಳ್ಳು, ಕರೆಯದಿದ್ದರೆ ಪುಸ್ತಕವಿಲ್ಲ. ಪುಸ್ತಕವಿಲ್ಲವೆಂದರೆ ಆ ಜೊತೆಗಾರ ಇದ್ದನೆಂಬುದು ಅವರ ತಲೆಯ ಹೊರಗೆ ಎಲ್ಲೂ ಇರುವುದಿಲ್ಲ. ಎರಡು ಬೇಸಿಗೆ ಹೀಗೇ ಕಳೆದವು. ಹೊರಸನ್ನು ಬೇವಿನ ನೆರಳಿನಿಂದ ಗೋಡೆಯ ನೆರಳಿಗೆ, ಗೋಡೆಯ ನೆರಳಿನಿಂದ ಬೇವಿಗೆ ಎಳೆಯುತ್ತ ಕೂತಿರುತ್ತಿದ್ದರು. ಕೊನೆಗೆ ಕೊನೆಯ ಪುಟವನ್ನು ನನ್ನ ಕೈಗೆ ಕೊಟ್ಟರು. ಇಡೀ ಪುಟಕ್ಕೆ ಒಂದೇ ಚೌಕ. ಒಳಗೆ ಏನೂ ಇಲ್ಲ. ಬಲ ಕೆಳಮೂಲೆ ಮಾತ್ರ ತೆರೆದಿತ್ತು.

"ಇದೊಂದಕ್ಕ ಅಕ್ಷರ ಮೊದಲು. ನೀ ಬರಿ. ಚಿತ್ರಾ ನಾ ಆಮ್ಯಾಲ ತಗಿತೀನಿ."

"ಏನು ಬರೀಲಿ ಕಾಕಾ?"

"ಅದು ನನಗ ಗೊತ್ತಿದ್ರ ಚಿತ್ರಾನೇ ತಗಿತಿದ್ದೆ."

ಆಮೇಲೆ ನನ್ನನ್ನೇ ನೋಡಿ, "ನೀನೂ ಚಿತ್ತಾಪುರ-ವಾಡಿ, ವಾಡಿ-ಚಿತ್ತಾಪುರ ಅಂತ ಒಂದು ಚೌಕ ಹಾಕ್ಕೊಂಡೀದಿ. ಯಾವ ಮೂಲಿ ಬಿಟ್ಟೀದಿ?" ಅಂತ ಕೇಳಿದರು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಅದೇ ಕುರ್ಚಿಗೆ ಕಾಯುವ ಕೆಲಸ ನನ್ನದು. ಮನೆಯಲ್ಲಿ ಆಗ ನನ್ನ ಮದುವೆಯ ಮಾತೂ ನಡೆದಿತ್ತು. ಅದರ ಬಗ್ಗೆ ಇಷ್ಟು ಸಾಕು. ಪುಟವನ್ನು ಚೀಲಕ್ಕೆ ಸೇರಿಸಿ ಮನೆಗೆ ಬಂದೆ. ಅದರ ಮೇಲೆ ಏನೂ ಬರೆಯಲಿಲ್ಲ. ಅದು ನನ್ನ ಕಪಾಟಿನಲ್ಲಿ ಇರುವಾಗಲೇ ಅವರು ಹೋದರು.

ಶ್ರದ್ಧಾಂಜಲಿ ಸಭೆ ವಾಡಿಯಲ್ಲೇ, ಶಾಲೆಯೊಂದರ ಸಭಾಂಗಣದಲ್ಲಿ ಆಯಿತು. ಮೇಜಿನ ಮೇಲೆ ಕಾಕಾನ ಸಣ್ಣ ಫೋಟೊ, ಹಿಂದೆ ಗೋಡೆಯುದ್ದದ ಫ್ಲೆಕ್ಸಿನಲ್ಲಿ ಸಿಡಿಲಪ್ಪ. ಹೂ ಹಾಕಲು ಬಂದವರು ತಲೆಯೆತ್ತಿ ಕೈಮುಗಿದದ್ದು ಫ್ಲೆಕ್ಸಿಗೆ. ಶಹಾಬಾದಿನಿಂದ ಬಂದ ಒಬ್ಬರು ಮೈಕಿನಲ್ಲಿ, ಅವರು ಶತ್ರುವಿನ ಠಾಣೆಯನ್ನು ಒಬ್ಬರೇ ಹಿಡಿದ ಕತೆ ಹೇಳಿದರು. ಅದು ಮೂರನೆಯ ಪುಸ್ತಕದ ಕತೆ. ನಾನೇ ಅಕ್ಷರ ಬರೆದದ್ದು.

ಸಭೆ ಮುಗಿದ ಮೇಲೆ ಪ್ರಕಾಶಕರು ನನ್ನನ್ನು ಬದಿಗೆ ಕರೆದು ಒಂದು ಕವರು ಕೊಟ್ಟರು.

"ಸರ್ ನೆನಪಿಗಿ ಆ ಪುಸ್ತಕ ತರಾಕತ್ತೀವಿ ಅಕ್ಕೋರೆ. ಕೊನಿ ಪುಟ ಬ್ಯಾರೆ ಆರ್ಟಿಸ್ಟ್ ಕಡಿಂದ ತಗಸೀವಿ. ನೀವು ಒಂದು ಫುಗ್ಗಾ ತುಂಬಬೇಕು ನೋಡ್ರಿ. ನಾ ಬಂದೀನಿ ಅಂತ ದೊಡ್ಡದಾಗಿ ಬರೀರಿ. ಮುಂದ ಸಾಲಾಗಿ ಆ ಚಿಹ್ನಾ ಹಾಕ್ರಿ, ನಿಮಗ ಗೊತ್ತೇ ಅದ. ನಾಳಿ ಮುಟ್ಟಿಸಿಬಿಡ್ರಿ, ಅಚ್ಚಿನ ಪ್ಲೇಟಿಗಿ ಹೋಗ್ತದ."

ಕವರನ್ನು ಕಾಕುನ ಅಂಗಳಕ್ಕೆ ಒಯ್ದು ಅಲ್ಲೇ ತೆರೆದೆ. ಕೊನೆಯ ಪುಟದಲ್ಲಿ ಸಿಡಿಲಪ್ಪ ಕಲ್ಲುಗಳನ್ನು ಒದ್ದು ಸಿಡಿಸಿ, ಎರಡು ಹೆಗಲ ಮೇಲೆ ಇಬ್ಬರನ್ನು ಹೊತ್ತು ನಿಂತಿದ್ದ. ಇಬ್ಬರೂ ನಗುತ್ತಿದ್ದರು. ಉಳಿದವು ಕಾಕಾನ ಪುಟಗಳೇ, ಅಚ್ಚಿಗೆ ಸಿದ್ಧಮಾಡಿದ ಪ್ರತಿ. ಅವರು ಮಾಡುತ್ತಿದ್ದಂತೆ ಹೆಬ್ಬೆರಳು ಎಳೆದು ನೋಡಿದೆ. ಎಲ್ಲ ಮೂಲೆಗಳೂ ಮುಚ್ಚಿದ್ದವು. ತಂತಿ ಗೆರೆಗೆ ಬಂದು ಮುಟ್ಟಿ ನಿಂತಿತ್ತು. ಈ ಪುಟಗಳಲ್ಲಿ ಒಳಗಿರುವವರಿಗೆ ಗಾಳಿ ಇರಲಿಲ್ಲ.

ಕಾಕು ಓದಿದವರಲ್ಲ. ಪುಟಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು.

"ನನಗ ಅವರು ಈ ಸಂಗತಿ ಬಾಯಿ ಬಿಟ್ಟು ಹೇಳಿಲ್ಲ. ಮದುವಿ ಹೊಸ್ತಾಗ ಬಾಗಲಾ ಹಾಕಿದ್ರ ಎದ್ದು ಕುಂದರ್ತಿದ್ರು. ನಾ ಬಾಗಲಾ ಹಾಕೂದು ಬಿಟ್ಟೆ. ನಮ್ಮ ನಡುವ ಆದ ಮಾತು ಅಷ್ಟೇ." ಸಿಡಿಲಪ್ಪನ ಪುಟ ಬಂದಾಗ ಕೈ ನಿಂತಿತು. "ಇಂವ ಇಲ್ಲಿ ಯಾಕ ಬಂದಾನ?"

"ಇವನಿಲ್ಲದಿದ್ದರ ಪುಸ್ತಕ ಹಾಕಂಗಿಲ್ಲ ಅಂತಾರ ಕಾಕು."

"ಹಾಕ್ಲಿ ಇವನ್ನ. ಮ್ಯಾಲಿನ ರಟ್ಟಿನ ಮ್ಯಾಗ ಹಾಕ್ಲಿ, ಎಷ್ಟು ದೊಡ್ಡವನ್ನ ಮಾಡ್ತಾರ ಮಾಡ್ಲಿ. ಹೊರಗ ನಿಂತು ಗೇಟ್ ಕಾಯ್ಲಿ. ಇವರು ಕಾಯ್ಲಿಲ್ಲೇನು ಅಷ್ಟು ವರ್ಷ?" ಆ ಹಾಳೆಯನ್ನು ಬೋರಲು ಹಾಕಿ ನನ್ನತ್ತ ಸರಿಸಿದರು. "ಒಳಗ ಬರೂದು ಬ್ಯಾಡ. ಒಪ್ಪದಿದ್ರ ಪುಟ ವಾಪಸ್ ಕೊಡ್ಲಿ, ಅವರ ಹೇಣ್ತಿ ಅಂದಾಳ ಅಂತ ಹೇಳು. ಮತ್ತ ನೋಡು, ಕೊಟ್ಟು ಬರಬ್ಯಾಡ. ಕುಂತು ಮಾಡಿಸ್ಕೊಂಡು ಬಾ. ಕೊಟ್ಟು ಬಂದದ್ದೆಲ್ಲಾ ಮುಚ್ಚ್ಯಾರ ಅವರು."

ಮರುದಿನ ಬೆಳಿಗ್ಗೆ ನಾನು ಕಪಾಟಿನಿಂದ ಆ ಖಾಲಿ ಪುಟವನ್ನು ತೆಗೆದು, ಅಂಗಳದ ಫರಸಿಯ ಮೇಲೆ ಇಟ್ಟು, ಅವರದೇ ನಿಬ್ಬಿನಿಂದ, ತೆರೆದ ಮೂಲೆಯ ಪಕ್ಕದಲ್ಲಿ ನನ್ನಿಂದಾದಷ್ಟು ಸಣ್ಣದಾಗಿ ಬರೆದೆ: ಅಲ್ಲೇ ಇರ್ರಿ, ಬರ್ಲಿಕತ್ತೀವಿ. ಮಸಿ ಆರುವವರೆಗೆ ಕಾದೆ. ಕಾಲೇಜಿಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದೆ. ಚಿತ್ತಾಪುರದ ಗಾಡಿಯನ್ನು ಹೋಗಗೊಟ್ಟು ಕಲಬುರಗಿಯ ಗಾಡಿ ಹತ್ತಿದೆ.

ಪ್ರಕಾಶಕರು ಕನ್ನಡಕ ಏರಿಸಿಕೊಂಡು ಆ ಒಂದೇ ಸಾಲಿನ ಪುಟವನ್ನು ಓದಿದರು. ಕಾಕು ಹೇಳಿದ್ದನ್ನು ಹೇಳಿದೆ. ಸಿಡಿಲಪ್ಪನನ್ನು ಮುಖಪುಟಕ್ಕೆ ಇಟ್ಟು ನೋಡಿದರು, ಒಳಗಿನ ಕೊನೆಯ ಪುಟಕ್ಕೆ ಇಟ್ಟು ನೋಡಿದರು. ಆಮೇಲೆ ಮುಖಪುಟದ ಮೇಲೆಯೇ ಬಿಟ್ಟು, "ಆತು. ಇಟ್ಟು ಹೋಗ್ರಿ ಅಕ್ಕೋರೆ, ನಾವು ಮಾಡಸ್ತೀವಿ" ಅಂದರು.

"ಇಲ್ಲೇ ಇರ್ತೀನ್ರಿ" ಎಂದೆ.

ಕಂಪ್ಯೂಟರಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ. ಆಪರೇಟರ್ ನನ್ನ ವಯಸ್ಸಿನವರೇ, ಮೃದು ಮಾತಿನವರು. ಇಷ್ಟು ವರ್ಷ ಅದನ್ನು ತಪ್ಪೆಂದೇ ತಿಳಿದು ತಿದ್ದಿದೆ ಎಂದು ನೊಂದುಕೊಂಡರು. ಮೊದಲ ಪುಟವನ್ನು ದೊಡ್ಡದು ಮಾಡಿ, ಬಲಗಡೆಯ ಕೆಳಮೂಲೆಗೆ ಬಾಣ ತಂದು ನಿಲ್ಲಿಸಿ, ನನ್ನತ್ತ ತಿರುಗಿದರು.

"ಎಷ್ಟು ತಗೀಲ್ರಿ ಮೇಡಂ?"

"ಒಂದು ತಂತಿ ಹಾಯೋವಷ್ಟು" ಎಂದೆ.